ಅಪ್ಪನ ಪಡಸಾಲೆಯ ಎರಡು ಬ್ಯಾಟರಿ

ಬೈಲಹೊಂಗಲದಲ್ಲಿ ನಾವಿದ್ದ ಮನೆಗೂ ಹಿಟ್ಟಿನ ಗಿರಣಿಗೂ ನಡುವೆ ಒಂದೇ ಗೋಡೆ. ಗಿರಣಿಯ ಮೌಲಾಸಾಬ ಕಾಕಾ ಮೋಟಾರು ಚಾಲೂ ಮಾಡಿದನೆಂದರೆ ನಮ್ಮ ಅಡುಗೆಮನೆಯ ಹಲಗೆಯ ಮೇಲಿನ ಬಟ್ಟಲುಗಳು ಸಣ್ಣಗೆ ನಡುಗುತ್ತಿದ್ದವು, ಬಲ್ಬು ಒಮ್ಮೆ ಮಂಕಾಗಿ ಮತ್ತೆ ಹೊತ್ತಿಕೊಳ್ಳುತ್ತಿತ್ತು, ಪಡಸಾಲೆಯಲ್ಲಿ ಅಪ್ಪ ಹಚ್ಚಿದ ಟೇಪಿನಲ್ಲಿ ಹಾಡುವವರ ಬೆನ್ನ ಹಿಂದೆ ಯಾರೋ ಕುಳಿತು ಗುಂಯ್‌ಗುಟ್ಟುತ್ತಿರುವಂತೆ ಕೇಳುತ್ತಿತ್ತು. ಅವ್ವನಿಗೂ ನನಗೂ ಅದು ರೂಢಿಯಾಗಿತ್ತು. ಅಪ್ಪನಿಗೆ ಆಗಲಿಲ್ಲ. ಅವನು ಊರಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ. ತಿರುಗುವ ಯಂತ್ರದ ಬೇರಿಂಗಿನ ಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯಿಟ್ಟು, ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡು, ಇದು ಇನ್ನು ನಾಲ್ಕು ದಿನ ಬಾಳುತ್ತದೆ, ಇದು ಇವತ್ತೇ ಹೋಗುತ್ತದೆ ಎಂದು ಹೇಳುತ್ತಿದ್ದನಂತೆ. ಆ ಕೆಲಸ ಕೊಡಿಸಿದವನು ಅವ್ವನ ಅಣ್ಣ ಕಲ್ಲಪ್ಪ ಮಾವ. ಅವನೇ ಅಲ್ಲಿ ಆಳುಗಳ ಮೇಲಿನ ಮುಕಾದಮ. ಮನೆಗೆ ಬಂದಾಗಲೆಲ್ಲ ಚಹಾದ ಬಸಿ ಕೈಯಲ್ಲಿ ಹಿಡಿದು, “ಬಸಪ್ಪನ ಕಿವಿ ಇರೂತನಕ ಮಿಲ್ಲಿಗೆ ಏನೂ ಆಗೂದಿಲ್ಲ” ಎನ್ನುತ್ತಿದ್ದ. ಅಪ್ಪ ತಲೆ ತಗ್ಗಿಸಿ ನಗುತ್ತಿದ್ದ. ಹೊಗಳಿದರೆ ಅವನಿಗೆ ನಾಚಿಕೆ, ಆದರೆ ಆ ಮಾತೊಂದು ಕೇಳದೆ ವಾರ ಕಳೆದರೆ ಏನೋ ಕಳೆದುಕೊಂಡವನ ಹಾಗಿರುತ್ತಿದ್ದ.

ಗುಂಯ್ ಎನ್ನುವ ಸದ್ದನ್ನು ಓಡಿಸಲು ಅಪ್ಪ ಏನೆಲ್ಲ ಮಾಡಿದ. ತಂತಿ ಬದಲಿಸಿದ, ಹಿತ್ತಲಲ್ಲಿ ತಗ್ಗು ತೋಡಿ ತಾಮ್ರದ ಪಟ್ಟಿ ಹೂತು ಅದಕ್ಕೆ ದಿನಾ ನೀರು ಹಾಕಿದ. ಕೊನೆಗೆ ಒಂದು ದಿನ ಗೋಡೆಯ ಪ್ಲಗ್ಗನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಅವ್ವನ ಮುಂದೆ ಬಂದು ನಿಂತ.

“ಈ ಕರೆಂಟ ಅಂದ್ರ ಗಿರಣಿ ಮೋಟಾರ ಮಿಂದ ಬಿಟ್ಟ ನೀರಿದ್ದಂಗ. ಇದರಾಗ ತೊಳದ್ರ ಹಾಡೂ ರಾಡಿನ. ಇನ್ನ ಬ್ಯಾಟರಿ ಮ್ಯಾಲ ಹಚ್ಚತೇನಿ. ಅದು ಬಾವಿ ನೀರು.”

“ಹಚ್ಚರಿ. ಮೊದಲ ಬಾವಿ ನೀರ ಎರಡ ಕೊಡ ತಂದ ಹಾಕಿ ಹಚ್ಚರಿ,” ಎಂದಳು ಅವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಹೀಗೆ ಲಾರಿಯ ಎರಡು ಹಳೆಯ ಬ್ಯಾಟರಿಗಳು ನಮ್ಮ ಮನೆ ಸೇರಿದವು. ಅವನ್ನು ಪಡಸಾಲೆಯ ಮೂಲೆಯಲ್ಲಿ ಕಟ್ಟಿಗೆಯ ಹಲಗೆಯ ಮೇಲೆ ಕೂರಿಸಿ, ಒಂದರ ಕೊನೆಯನ್ನು ಇನ್ನೊಂದರ ಮೊದಲಿಗೆ ಜೋಡಿಸಿ, ನಡುವಿನಿಂದಲೂ ಒಂದು ತಂತಿ ಎಳೆದ. ಒಂದು ಬ್ಯಾಟರಿ ಹಾಡನ್ನು ತಳ್ಳುತ್ತದೆ, ಇನ್ನೊಂದು ಎಳೆಯುತ್ತದೆ ಎಂದು ನನಗೆ ಕೈಯಾಡಿಸಿ ತೋರಿಸಿದ. ಆಂಪ್ಲಿಫೈಯರನ್ನು ಅವನೇ ಕೂತು ಬೆಸುಗೆ ಹಾಕಿದ್ದ. ಅಲ್ಯೂಮಿನಿಯಮ್ಮಿನ ಊಟದ ಡಬ್ಬಿಯೇ ಅದರ ಮೈ. ಕ್ಯಾಸೆಟ್ ತಿರುಗುವ ಯಂತ್ರವೂ ಅದೇ ಬ್ಯಾಟರಿಯ ಮೇಲೆ. ಸ್ಪೀಕರುಗಳಿಗೆ ಮಾವಿನ ಹಲಗೆಯ ಎರಡು ಪೆಟ್ಟಿಗೆ ಮಾಡಿ, ಒಳಗೆ ಮಿಲ್ಲಿನಿಂದ ತಂದ ಬೀಜ ತೆಗೆದ ಹತ್ತಿಯನ್ನು ತುಂಬಿದ. ವಾರಕ್ಕೊಮ್ಮೆ ಬ್ಯಾಟರಿಗಳನ್ನು ಹಿತ್ತಲಿಗೆ ಹೊತ್ತು ಚಾರ್ಜಿಗೆ ಹಾಕಬೇಕು, ಮುಚ್ಚಳ ಬಿಚ್ಚಿ ನೀರು ನೋಡಬೇಕು. ಅವುಗಳ ಆಸಿಡ್ ಹನಿ ತಾಗಿ ಅಪ್ಪನ ಅಂಗಿಗಳೆಲ್ಲ ಜರಡಿಯಾದವು. ಅವ್ವನ ಇಳಕಲ್ಲ ಸೀರೆಯ ಸೆರಗಿನಲ್ಲಿ ಒಮ್ಮೆ ಎರಡು ತೂತು ಬಿದ್ದಾಗ ಮನೆಯಲ್ಲಿ ಮೂರು ದಿನ ಬರೀ ಪುಂಡಿಪಲ್ಲೆಯೇ ಊಟ. ಅಪ್ಪನಿಗೆ ಪುಂಡಿಪಲ್ಲೆ ಸೇರುತ್ತಿರಲಿಲ್ಲ. ನಾಲ್ಕನೆಯ ದಿನ ಝುಣಕದ ವಾಸನೆ ಬಂದಾಗ ಅವ್ವನ ಸಿಟ್ಟು ಇಳಿದಿದೆ ಎಂದು ನಾವಿಬ್ಬರೂ ತಿಳಿದುಕೊಂಡೆವು.

ಬ್ಯಾಟರಿಯ ಮೇಲೆ ಮೊದಲ ಸಲ ಹಾಡು ಹಚ್ಚಿದ ಸಂಜೆ ಮೌಲಾಸಾಬ ಕಾಕಾ ಮೈಯೆಲ್ಲ ಹಿಟ್ಟಿನಲ್ಲೇ ಬಂದು ಕುಳಿತಿದ್ದ. ಅಪ್ಪ ಅವನಿಗೆ, “ಹಾಡ ಆಮ್ಯಾಲ ಕೇಳ. ಹಾಡು ಸುರು ಆಗೂಕಿಂತ ಮೊದಲಿನ ಜಾಗಾ ಕೇಳ” ಎಂದ. ಕ್ಯಾಸೆಟ್ ತಿರುಗತೊಡಗಿತು. ಏನೂ ಇಲ್ಲ. ನಿಜವಾಗಿ ಏನೂ ಇಲ್ಲ. ಆಮೇಲೆ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು, ತಂಬೂರಿಯ ಒಂದು ತಂತಿ ಅಲುಗಿತು, ಹಾಡುವ ಮುದುಕ ನಮ್ಮ ಪಡಸಾಲೆಯಲ್ಲೇ ಕುಳಿತಿದ್ದಾನೆ ಎನಿಸಿ ನಾನು ಕಾಲು ಮಡಚಿಕೊಂಡೆ. ಅವ್ವ ಬಾಗಿಲಿಗೆ ಬಂದು ನಿಂತು ಕೇಳಿದಳು. ಅವಳಿಗೂ ಹಿಡಿಸಿತ್ತು. ಆದರೆ ಹಾಗೆಂದು ಹೇಳುವವಳಲ್ಲ. “ಸುಮ್ಮನಿರೂದ ಕೇಳಾಕ ಇಷ್ಟೆಲ್ಲಾ ಯಾಕ ಬೇಕಿತ್ರಿ? ನಾನs ಒಂದ ದಿನ ಬಾಯಿ ಮುಚಗೊಂಡ ಕುಂದರತಿದ್ದೆ” ಎಂದಳು. ಮೌಲಾಸಾಬ ಕಾಕಾ ನಕ್ಕ ನಗುವಿಗೆ ಅವನ ಮೈಯಿಂದ ಹಿಟ್ಟು ಉದುರಿತು. ಮರುವಾರ ಅವ್ವ ತಾನು ಹೊಲಿದ ದಪ್ಪ ಕೌದಿಯೊಂದನ್ನು ತಂದು, ಅಡುಗೆಮನೆಯ ಸಪ್ಪಳ ಹೋಗದಿರಲಿ ಎಂದು ಪಡಸಾಲೆಯ ಒಳಬಾಗಿಲಿಗೆ ತಾನೇ ತೂಗುಬಿಟ್ಟಳು. ಮುಂದೆ ಆ ಕೌದಿಯನ್ನು ಅಪ್ಪನೇ ಕಟ್ಟಿದ್ದ ಎಂದು ಮಂದಿ ಆಡಿಕೊಂಡರು. ಅಲ್ಲ, ಕಟ್ಟಿದವಳು ಅವ್ವ. ಪ್ರೀತಿಯಿಂದಲೇ ಕಟ್ಟಿದ್ದಳು.

ನನಗೆ ಹನ್ನೊಂದು ನಡೆಯುತ್ತಿದ್ದಾಗ ಒಂದು ಸಂಜೆ ಎಡಗಡೆಯ ಪೆಟ್ಟಿಗೆಯಿಂದ ಸೂಜಿಯಂಥ ಸಣ್ಣ ಸೀಟಿ ಬರತೊಡಗಿತು. ಕಿವಿಯೊಳಗೆ ಚುಚ್ಚುವಂಥದ್ದು. ಅಪ್ಪ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದ.

“ಅಪ್ಪಾ, ಸೀಟಿ ಹೊಡ್ಯಾಕ ಹತ್ತೇತಿ.”

ಅವನು ಕಣ್ಣು ತೆರೆಯಲಿಲ್ಲ. ಮತ್ತೊಮ್ಮೆ ಹೇಳಿದೆ. ಆಮೇಲೆ ಮೊಣಕಾಲು ಹಿಡಿದು ಅಲುಗಿಸಿದೆ.

“ಏನವ್ವಾ?”

“ಸೀಟಿ. ಆ ಡಬ್ಬ್ಯಾಗ. ನಿನಗ ಕೇಳವಲ್ದೇನು?”

ಅಪ್ಪ ಎದ್ದುಹೋಗಿ ಪೆಟ್ಟಿಗೆಯ ಬಟ್ಟೆಗೆ ಕಿವಿ ಹಚ್ಚಿದ. ಎಡಗಿವಿ, ಆಮೇಲೆ ಬಲಗಿವಿ. ನನ್ನ ಕಡೆ ತಿರುಗಿ, “ಈಗೂ ಐತೇನು?” ಎಂದ. ಐತಿ ಎಂದೆ. ಡಬ್ಬಿಯ ಹಿಂದಿನ ಒಂದು ತಂತಿ ಸಡಿಲಾಗಿತ್ತು, ಅದನ್ನು ಒತ್ತಿ ಹಿಡಿದ. “ಈಗ?” ಹೋತು ಎಂದೆ. ಬಿಟ್ಟ. “ಈಗ?” ಬಂತು ಎಂದೆ. ನನಗೆ ಅದೊಂದು ಆಟದಂತೆ ಕಂಡು ನಗು ಬಂತು. ಅವನ ಮುಖ ನೋಡಿದ ಮೇಲೆ ನಗು ನಿಂತಿತು. ಹಣೆಯ ಮೇಲೆ ಬೆವರು ಒಡೆದಿತ್ತು. ತಂತಿ ಹಿಡಿದ ಕೈ ಹಾಗೆಯೇ ಇತ್ತು.

“ಗಂಗವ್ವಾ, ನಿಮ್ಮವ್ವಗ ಹೇಳಬ್ಯಾಡ.”

“ಯಾಕ?”

“ಆಕಿ ಕಲ್ಲಪ್ಪಗ ಹೇಳ್ತಾಳ. ಕೆಟ್ಟ ಮನಸಿಲೆ ಅಲ್ಲ, ಚಿಂತಿ ಮಾಡಿ ಹೇಳ್ತಾಳ. ಕಿವಿ ಹೋದ ಫಿಟ್ಟರನ್ನ ಯಾರ ಇಟಗೋತಾರು? ನಿನ್ನ ತೆಲಿ ಮ್ಯಾಲ ಕೈ ಇಟ್ಟ ಹೇಳತೇನಿ, ನಾನs ಒಂದ ದಿನ ಆಕಿಗೆ ಹೇಳತೇನಿ. ಅಲ್ಲೀತನಕ ನೀ ನನ್ನ ಕಿವಿ ಆಗು.”

ಒಬ್ಬಳೇ ಮಗಳು ನಾನು. ಅಪ್ಪನ ಕಿವಿಯಾಗುವುದೆಂದರೆ ನನಗೆ ಕಿತ್ತೂರಿನ ಕೋಟೆಯನ್ನೇ ಬರೆದುಕೊಟ್ಟಂತಾಯಿತು. ಆ ಒಂದು ವರ್ಷ ನಾನು ಬದುಕಿನಲ್ಲಿ ಮತ್ತೆಂದೂ ಆಗದಷ್ಟು ದೊಡ್ಡ ಮನುಷ್ಯಳಾಗಿದ್ದೆ. ಚಾರ್ಜು ಮಾಡಿದ ಬ್ಯಾಟರಿಗಳನ್ನು ಮತ್ತೆ ಜೋಡಿಸಿದಾಗ ಅಪ್ಪ ಹುಬ್ಬೇರಿಸಿ ನನ್ನನ್ನು ನೋಡುತ್ತಿದ್ದ, ನಾನು ಕಿವಿಗೊಟ್ಟು ಕೇಳಿ ತಲೆಯಾಡಿಸುತ್ತಿದ್ದೆ. ಖಂಡೇನವಮಿಯ ದಿನ ಎರಡೂ ಬ್ಯಾಟರಿಗೆ ವಿಭೂತಿ ಬಳಿದು ಚೆಂಡುಹೂ ಇಟ್ಟವನು, ಉಳಿದ ವಿಭೂತಿಯನ್ನು ಅವ್ವ ಇಲ್ಲದಾಗ ನನ್ನ ಎರಡೂ ಕಿವಿಗೆ ಹಚ್ಚಿದ. ಮನೆಗೆ ಯಾರಾದರೂ ಬಂದು ಬಾಗಿಲ ಚಿಲಕ ಅಲುಗಿಸಿದರೆ ನಾನು ಅಪ್ಪನ ಎದುರಿಗೆ ಹಾದುಹೋಗುತ್ತಿದ್ದೆ; ಅವನಿಗೆ ತಿಳಿಯುತ್ತಿತ್ತು. ಅವ್ವ ಒಳಗಿನಿಂದ ಏನಾದರೂ ಕೇಳಿದರೆ ನಾನೇ ಮುಂದಾಗಿ ಉತ್ತರ ಕೊಡುತ್ತಿದ್ದೆ. “ನಿಮ್ಮಪ್ಪನ ತೆಲಿತುಂಬ ಹಾಡs ತುಂಬ್ಯಾವು. ನಾ ಕರದದ್ದು ಹೋಗಾಕ ಜಾಗಾ ಇಲ್ಲ” ಎಂದು ಅವ್ವ ಬೈಯುತ್ತಿದ್ದಳು. ಹಾಗೆ ಅವಳು ತಿಳಿದುಕೊಂಡದ್ದು ನಮ್ಮಿಬ್ಬರಿಗೂ ಅನುಕೂಲವೇ ಆಯಿತು. ಆ ವರ್ಷವೇ ಅವ್ವ ಮತ್ತೆ ಬಸುರಾದಳು. ನನ್ನ ನಂತರ ಎರಡು ಸಲ ಬಸುರು ನಿಂತು ಇಳಿದುಹೋಗಿತ್ತಂತೆ, ಇದೊಂದು ಏಳು ತಿಂಗಳ ತನಕ ಬಂದಿತ್ತು. ಅಪ್ಪ ನೀರಿನ ಕೊಡಗಳನ್ನೆಲ್ಲ ತಾನೇ ಹೊತ್ತು ತರತೊಡಗಿದ.

ಅದು ಮಿಲ್ಲಿನ ಸೂಟಿಯ ದಿನ, ಮಧ್ಯಾಹ್ನ ಇಳಿದ ಹೊತ್ತು. ಅವ್ವ ನನ್ನ ಕೈಯಲ್ಲಿ ಶೇಂಗಾದ ಹೋಳಿಗೆಯ ಡಬ್ಬಿ ಕೊಟ್ಟು ಎರಡು ಓಣಿಯಾಚೆಯ ಕಲ್ಲಪ್ಪ ಮಾವನ ಮನೆಗೆ ಕಳಿಸಿದಳು. “ಹಾದ್ಯಾಗ ನಿಂದರಬ್ಯಾಡ, ಲಗೂನ ಬಾ” ಎಂದಳು. ನಾನು ಡಬ್ಬಿ ಕೊಟ್ಟು ಬರುವಾಗ ಹಾದಿಯಲ್ಲಿ ಹುಡುಗಿಯರು ಕುಂಟಾಟ ಆಡುತ್ತಿದ್ದರು. ನಿಂತೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಈ ವಯಸ್ಸಿನಲ್ಲೂ ಅದನ್ನು ಅಳೆಯಲು ನೋಡುತ್ತೇನೆ, ನಾಲ್ಕು ಆಟ ಆಡಿದ್ದು ನೆನಪಿದೆ, ಐದನೆಯದು ಆಡಿದೆನೋ ಇಲ್ಲವೋ ನೆನಪಿಲ್ಲ. ನಮ್ಮ ಓಣಿಗೆ ಬಂದಾಗ ಕರೆಂಟು ಹೋಗಿತ್ತು. ಗಿರಣಿ ನಿಂತಿತ್ತು, ಮೌಲಾಸಾಬ ಕಾಕಾ ಬಾಗಿಲು ಎಳೆದುಕೊಂಡು ಚಹಾಕ್ಕೆ ಹೋಗಿದ್ದ. ಎಲ್ಲರ ಮನೆಯ ರೇಡಿಯೋ, ಫ್ಯಾನು ಎಲ್ಲ ಸುಮ್ಮನಾಗಿದ್ದವು. ನಮ್ಮ ಪಡಸಾಲೆಯಿಂದ ಮಾತ್ರ ಹಾಡು ಬರುತ್ತಿತ್ತು, ಸ್ವಚ್ಛವಾಗಿ, ಒಂದು ಗೆರೆಯೂ ಅಲುಗದೆ. ಉಳಿದವರ ಮನೆಯ ಹಾಗೆ ನಮ್ಮದೂ ಗೋಡೆಯ ಕರೆಂಟಿನ ಮೇಲಿದ್ದಿದ್ದರೆ ಆ ಹೊತ್ತಿಗೆ ಅದು ನಿಂತುಹೋಗಿರುತ್ತಿತ್ತು, ಅಪ್ಪ ಎದ್ದು ಒಳಗೆ ಬಂದಿರುತ್ತಿದ್ದ. ಹಾಡಿನ ಕೆಳಗೆ ಇನ್ನೊಂದು ದನಿ ಇತ್ತು. ಹಿತ್ತಲ ಕಡೆಯಿಂದ.

“ಏನ್ರೀ... ಬರ್ರೀ ಇಲ್ಲೆ... ಗಂಗಾ...”

ಮನೆಯ ಪಕ್ಕದ ಸಂದಿಯಿಂದ ಹಿತ್ತಲಿಗೆ ಓಡಿದೆ. ಅವ್ವ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸಾಬೂನಿನ ನೀರಿನಲ್ಲಿ ಒಂದು ಮಗ್ಗುಲಾಗಿ ಬಿದ್ದಿದ್ದಳು. ಸೀರೆ ಒದ್ದೆಯಾಗಿತ್ತು, ಆ ಒದ್ದೆ ಕೆಂಪಾಗುತ್ತಿತ್ತು. ಕೂಗಿ ಕೂಗಿ ದನಿ ಹರಿದುಹೋಗಿತ್ತು.

“ಅವರನ್ನ ಕರಿ. ಆವಾಗಿಂದ ಒದರಾಕ ಹತ್ತೇನಿ. ಕರಿ ಹೋಗವ್ವಾ.”

ಅಡುಗೆಮನೆ ದಾಟಿ, ನಡುಮನೆ ದಾಟಿ, ಕೌದಿ ಸರಿಸಿದೆ. ಅಪ್ಪ ಗೋಡೆಗೆ ಒರಗಿ ಕುಳಿತಿದ್ದ. ಕೌದಿ ಅಲುಗಿದ್ದು ಕಂಡು ಕಣ್ಣು ತೆರೆದ. ನನ್ನನ್ನು ನೋಡಿ ನಕ್ಕ. ತುಟಿಯ ಮೇಲೆ ಬೆರಳಿಟ್ಟು, ಬಾ, ಕೂಡು, ಈಗ ಚಲೋ ಭಾಗ ಬರುತ್ತದೆ ಎಂದು ಕೈಯಿಂದ ಕರೆದ.

ಆ ನಗುವನ್ನು ನಾನು ಯಾರಿಗೂ ಹೇಳಿಲ್ಲ. ಇಲ್ಲಿ ಬರೆಯುತ್ತಿರುವುದೇ ಮೊದಲು.

ಮೌಲಾಸಾಬ ಕಾಕಾ ತನ್ನ ಟೆಂಪೋ ತಂದ. ಅಪ್ಪ ಅವ್ವನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಅದರಲ್ಲಿ ಮಲಗಿಸಿದ. ದವಾಖಾನೆಯವರು ಮಾಡುವುದನ್ನೆಲ್ಲ ಮಾಡಿದರು. ಅವ್ವ ಉಳಿದಳು. ಕೂಸು ಉಳಿಯಲಿಲ್ಲ. ಗಂಡು ಇತ್ತಂತೆ. ನನಗೆ ತೋರಿಸಲಿಲ್ಲ. ಅಪ್ಪನೂ ಕಲ್ಲಪ್ಪ ಮಾವನೂ ಸಂಪಗಾಂವ ಹಾದಿಯ ನಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದರು. ಐದು ದಿನ ಕಳೆದು ಅವ್ವನನ್ನು ಮನೆಗೆ ಕರೆತಂದಾಗ ಅವಳು ಪಡಸಾಲೆಯಲ್ಲಿ ಉಸಿರಿಗೆಂದು ನಿಂತಳು. ಒಂದು ಕಡೆ ಕಲ್ಲಪ್ಪ ಮಾವ ತೋಳು ಹಿಡಿದಿದ್ದ. ನನ್ನ ಕೈಯಲ್ಲಿ ಅವಳ ಬಟ್ಟೆಯ ಚೀಲ. ಅವ್ವ ಬ್ಯಾಟರಿಗಳನ್ನು ನೋಡಿದಳು, ಆಮೇಲೆ ಅಪ್ಪನ ಮುಖ ನೋಡಿದಳು.

“ಹಾಡು ಮುಗದ್ವೇನ್ರಿ?”

ಅಪ್ಪ ಅವಳ ತುಟಿಗಳನ್ನೇ ನೋಡುತ್ತಿದ್ದ. ತಿಳಿಯಿತೆಂದು ನನಗೆ ಗೊತ್ತಾಯಿತು. ಅವನು ಒಮ್ಮೆ ಕಲ್ಲಪ್ಪ ಮಾವನನ್ನು ನೋಡಿದ, ಆಮೇಲೆ ನನ್ನನ್ನು. ಈಗ ಹೇಳುತ್ತಾನೆ ಎಂದುಕೊಂಡೆ. ನಾನೇ ಹೇಳಬಹುದಿತ್ತು. ಅಪ್ಪಗ ಕೇಳೂದಿಲ್ಲವ್ವಾ, ಅಷ್ಟು ಸಾಕಿತ್ತು. ಬಾಯಿಯವರೆಗೆ ಬಂದ ಮಾತನ್ನು ಚೀಲದ ಹಿಡಿಕೆಯ ಜೊತೆ ಗಟ್ಟಿಯಾಗಿ ಹಿಡಿದುಕೊಂಡು ನಿಂತೆ.

“ಮುಗದ್ವು,” ಎಂದ ಅಪ್ಪ.

ಮರುದಿನ ಅವನು ತಂತಿಗಳನ್ನು ಒಂದೊಂದಾಗಿ ಬಿಡಿಸಿ, ಬ್ಯಾಟರಿಗಳನ್ನು ಮೌಲಾಸಾಬ ಕಾಕಾನ ಟೆಂಪೋಕ್ಕೆ ಕೊಟ್ಟುಬಿಟ್ಟ. ಅವ್ವ ಅಪ್ಪನೊಡನೆ ಮಾತು ಬಿಟ್ಟಳು. ಜಗಳವಿಲ್ಲ, ಬೈಗುಳವಿಲ್ಲ, ಪುಂಡಿಪಲ್ಲೆಯ ಶಿಕ್ಷೆಯೂ ಇಲ್ಲ. ಅವನಿಗೆ ಬೇಕಾದದ್ದನ್ನೇ ಮಾಡಿ, ತಾಟು ಹಚ್ಚಿಟ್ಟು, ಆಚೆ ಹೋಗಿಬಿಡುತ್ತಿದ್ದಳು. ಅದು ಪುಂಡಿಪಲ್ಲೆಗಿಂತ ಕಠಿಣವಾಗಿತ್ತು. ಹೇಳುವುದೇನಿದ್ದರೂ ನನ್ನ ಮೂಲಕ. “ನಿಮ್ಮಪ್ಪಗ ಹೇಳು, ಜ್ವಾಳ ತೀರೇತಿ.” “ನಿಮ್ಮವ್ವಗ ಕೇಳು, ಯಲ್ಲಮ್ಮನ ಗುಡ್ಡಕ್ಕ ಬರ್ತಾಳೇನು.” ನಾನು ಅವನೆದುರು ನಿಂತು, ಮುಖ ಕಾಣುವ ಹಾಗೆ, ದನಿ ದಪ್ಪ ಮಾಡಿ, ಒಂದೊಂದೇ ಮಾತು ಬಿಡಿಸಿ ಹೇಳುತ್ತಿದ್ದೆ. ಹೀಗಾಗಿ ಅವನ ಕಿವಿಯ ಗುಟ್ಟು ಇನ್ನಷ್ಟು ಭದ್ರವಾಯಿತು. ನಾನು ಇಂದಿಗೂ ಹಾಗೆಯೇ ಮಾತಾಡುತ್ತೇನೆ. ಸವದತ್ತಿಯ ಸಾಲೆಯಲ್ಲಿ ಮೂವತ್ತು ವರ್ಷ ಕಲಿಸಿದೆ, ಮಕ್ಕಳು ನನ್ನ ಬೆನ್ನ ಹಿಂದೆ ಅಣಕಿಸುತ್ತಿದ್ದದ್ದೂ ಗೊತ್ತು. ಬೆನ್ನು ತಿರುಗಿಸಿ ನಿಂತವರಿಗೆ ಏನನ್ನೂ ಹೇಳಲು ನನಗೆ ಬರುವುದಿಲ್ಲ.

ಅಪ್ಪ ಒಂದು ದಿನ ಹೇಳುತ್ತೇನೆ ಎಂದ ಆ ದಿನ ಬರಲಿಲ್ಲ. ಮಿಲ್ಲು ಮುಚ್ಚಿತು, ಕಲ್ಲಪ್ಪ ಮಾವ ತೀರಿಕೊಂಡ, ಆಗಲೂ ಅಪ್ಪ ಹೇಳಲಿಲ್ಲ. ಅರವತ್ತು ದಾಟಿ ಅವನಿಗೆ ಏನೂ ಕೇಳದಾದಾಗ ವಯಸ್ಸಾಯಿತು ಎಂದು ಎಲ್ಲರೂ ಅಂದರು, ಅವ್ವನೂ ಅಂದಳು. ಬೆಳಗಾವಿಗೆ ಕರೆದೊಯ್ದೆ. ಡಾಕ್ಟರು ಯಂತ್ರ ಹಚ್ಚಿ ನೋಡಿ, ಕಾಗದದ ಮೇಲೆ ಬಲಕ್ಕೆ ಹೋದಂತೆ ಕುಸಿಯುವ ಗೆರೆಯೊಂದನ್ನು ತೋರಿಸಿದರು. ದೊಡ್ಡ ಸಪ್ಪಳದಲ್ಲಿ ವರ್ಷಗಟ್ಟಲೆ ದುಡಿದವರ ಕಿವಿ ಹೀಗೆಯೇ ಹೋಗುವುದಂತೆ. ಮೊದಲು ಸಣ್ಣ ದನಿಗಳು ಹೋಗುತ್ತವೆ: ಹಕ್ಕಿ, ಗೆಜ್ಜೆ, ಹೆಣ್ಣುಮಕ್ಕಳ ದನಿ, ಕೂಸುಗಳ ದನಿ. ಗಂಡಸರ ದಪ್ಪ ದನಿ ಕೊನೆಯತನಕ ಉಳಿದಿರುತ್ತದೆ. ಅಪ್ಪ ಕಳೆದುಕೊಳ್ಳಲು ಶುರುಮಾಡಿದ್ದೇ ಅವ್ವನಿಂದ ಮತ್ತು ನನ್ನಿಂದ ಎಂದು ನನಗೆ ಆಗ ತಿಳಿಯಿತು. ತಿರುಗಿ ಬರುವ ಬಸ್ಸು ನೇಸರಗಿ ದಾಟಿದ ಮೇಲೆ ಅವನ ಕೈ ಹಿಡಿದು, ಅವ್ವನಿಗೆ ಈಗಲಾದರೂ ಹೇಳೋಣ ಎಂದೆ. ಕಿವಿಯಲ್ಲಿ ಹೊಸ ಮಷೀನು ಇತ್ತು. ಕೇಳಿಸಿತು.

“ಬ್ಯಾಡ. ಇಷ್ಟ ವರ್ಷ ಆಕಿ ನನ್ನ ಮ್ಯಾಗಿನ ಸಿಟ್ಟ ಹಿಡಕೊಂಡ ನಿಂತಾಳ. ಅದನ್ನ ಕಸಗೊಂಡ್ರ ಏನ ಹಿಡದ ನಿಂದರಬೇಕು? ಮತ್ತ ನಿನಗೂ ಗೊತ್ತಿತ್ತು ಅನ್ನೂದು ಆಕಿಗೆ ತಿಳೀತೈತಿ. ಆಕಿಗೆ ಉಳದಾಕಿ ನೀ ಒಬ್ಬಾಕಿ.”

ಅಪ್ಪ ಹೋಗಿ ಎರಡು ವರ್ಷವಾಯಿತು. ಅವ್ವ ಈಗ ಸವದತ್ತಿಯಲ್ಲಿ ನನ್ನ ಹತ್ತಿರ ಇದ್ದಾಳೆ. ಕಳೆದ ಚಳಿಗಾಲದಲ್ಲಿ ಒಂದು ಮುಂಜಾನೆ ಬಿಸಿಲಿಗೆ ಕುಳಿತು ಇಬ್ಬರೂ ತೊಗರಿಬೇಳೆ ಹಸನು ಮಾಡುತ್ತಿದ್ದೆವು. ಎಲ್ಲೋ ಯಾರದೋ ಮೊಬೈಲಿನಲ್ಲಿ ಹಾಡು ಬಂತು. ಅವ್ವ ತಲೆ ಎತ್ತದೆ, “ಹಾಡಿನ ಮುಂದ ನಿಮ್ಮಪ್ಪಗ ನಾವು ಯಾರೂ ಅಲ್ಲ” ಎಂದಳು. ಈ ಮಾತನ್ನು ನೂರು ಸಲ ಕೇಳಿದ್ದೆ. ನೂರು ಸಲ ಸುಮ್ಮನಿದ್ದೆ. ಅಂದು ಆಗಲಿಲ್ಲ. ಎದ್ದು ಅವಳೆದುರು ಹೋಗಿ ಕುಳಿತು, ಅಪ್ಪನ ಆ ನಗುವೊಂದನ್ನು ಬಿಟ್ಟು ಎಲ್ಲ ಹೇಳಿದೆ. ಸೀಟಿಯ ಸಂಜೆ, ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟದ್ದು, ಡಾಕ್ಟರು ತೋರಿಸಿದ ಗೆರೆ. ಕುಂಟಾಟವನ್ನೂ ಹೇಳಿದೆ. ಅವ್ವನ ಕೈ ಬೇಳೆಯಲ್ಲಿ ಆಡುತ್ತಲೇ ಇತ್ತು.

“ನಿನಗ ಗೊತ್ತಿತ್ತು.”

“ಗೊತ್ತಿತ್ತವ್ವಾ.”

ಬೈಯುತ್ತಾಳೆ, ಎದ್ದು ಹೋಗುತ್ತಾಳೆ, ಅಪ್ಪನಿಗೆ ಮಾಡಿದಂತೆ ನನ್ನೊಡನೆಯೂ ಮಾತು ಬಿಡುತ್ತಾಳೆ ಎಂದು ಕಾದೆ. ಅವಳು ಕೇಳಿದ್ದು ಬೇರೆಯದೇ.

“ಬೆನ್ನ ಹಿಂದ ನಿಂತ ಕರದ್ರ ಅವರಿಗೆ ಕೇಳತಿದ್ದಿಲ್ಲೇನು? ಆವಾಗೂ?”

“ಇಲ್ಲ. ನಿನ್ನ ದನಿ ಆವಾಗೂ ಕೇಳತಿದ್ದಿಲ್ಲ.”

ಅವ್ವನ ಕೈ ನಿಂತಿತು.

“ಕೂಸು ಹೋಗಿ ಎರಡ ವರ್ಷಾಗಿತ್ತು. ಪಂಚಮಿ ಹಬ್ಬ. ನೀ ಜೋಕಾಲಿ ಆಡಾಕ ಹೋಗಿದ್ದಿ. ಉಂಡಿ ಕಟ್ಟಿದ್ದೆ. ಅವರು ಹಿತ್ತಲದಾಗ ಆಕಡೆ ಮುಖಾ ಮಾಡಿ ಕೈಕಾಲ ತೊಳಕೊಳ್ಳಾಕ ಹತ್ತಿದ್ರು. ನಾ ಅಡಗಿಮನಿ ಬಾಗಲದಾಗ ನಿಂತು, ‘ಆದದ್ದಾತು, ಬಿಡ್ರಿ. ಕೂಸು ನಿಮ್ಮದೂ ಇತ್ತು. ಒಳಗ ಬರ್ರಿ, ಇಬ್ಬರೂ ಕೂಡಿ ಉಣ್ಣೂಣು’ ಅಂದೆ. ಎರಡ ಸಲ ಅಂದೆ. ತಿರುಗಿ ಸೈತ ನೋಡಲಿಲ್ಲ. ಕಾಲ ತೊಳಕೊಂಡು ಹಂಗs ಸಂದ್ಯಾಗಿಂದ ಹೊರಗ ಹೋದ್ರು. ಅವರ ಮನಸ್ಸು ಇಷ್ಟs ಅಂತ ತಿಳಕೊಂಡೆ. ಮತ್ತ ಕರೀಲಿಲ್ಲ.”

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಬಿಡಿಸಿಕೊಂಡಳು. ಮೊರವನ್ನು ತೊಡೆಯಿಂದ ಇಳಿಸಿ ಪಕ್ಕಕ್ಕಿಟ್ಟು, ನನ್ನನ್ನಲ್ಲ, ಅಂಗಳದಾಚೆ ಎಲ್ಲೋ ನೋಡಿದಳು.

“ಮುಂದ ಹೋಗಿ ನಿಂತ ಹೇಳಿದ್ರ ತಿಳೀತಿತ್ತೇನು ಗಂಗಾ?”

“ತಿಳೀತಿತ್ತು.”

“ನಾಲ್ಕ ಹೆಜ್ಜಿ ಇತ್ತು,” ಎಂದಳು ಅವ್ವ.